60 ಸಾವಿರ ಯೂರೋ ಅಂದ್ರೆ 60 ಲಕ್ಷವಾ? ಬೆಂಗಳೂರು–ಜರ್ಮನಿ ಸಂಬಳ ಹೋಲಿಸುವ ಪೂರ್ತಿ ಲೆಕ್ಕ

ಜರ್ಮನಿಯ ಕಂಪನಿಯಿಂದ ಆಫರ್ ಲೆಟರ್ ಬಂದರೆ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ಯೂರೋ ರೇಟ್ ನೋಡಿ ಗುಣಿಸುವುದು. ವರ್ಷಕ್ಕೆ 60,000 ಯೂರೋ, ಯೂರೋಗೆ 100 ರೂಪಾಯಿ, ಅಲ್ಲಿಗೆ 60 ಲಕ್ಷ. ಇಲ್ಲಿ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 24 ಲಕ್ಷ. ಎರಡೂವರೆ ಪಟ್ಟು! ಅಷ್ಟಕ್ಕೇ ನಿರ್ಧಾರ ಆಗಿಬಿಡುತ್ತದೆ.

ಈ ಗುಣಾಕಾರವನ್ನು ನಂಬಿ ಸಂಸಾರ ಕಟ್ಟಿಕೊಂಡು ಹೊರಡಬೇಡಿ. ಅಲ್ಲೇ ಖರ್ಚಾಗುವ ಯೂರೋವನ್ನು ಅಲ್ಲಿಯ ಬೆಲೆಗಳ ಜೊತೆ ಇಟ್ಟು ನೋಡಬೇಕು. ಉಳಿಸಿ ಊರಿಗೆ ಕಳಿಸುವ ಯೂರೋವನ್ನು ಮಾತ್ರ ರೂಪಾಯಿಗೆ ಗುಣಿಸಬೇಕು. ಎರಡನ್ನೂ ಬೆರೆಸಿದರೆ ಯಾವ ಲೆಕ್ಕವೂ ಸರಿ ಬರುವುದಿಲ್ಲ. ಮುಂದಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ.

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ಐದು ವರ್ಷದ ಮಗು. ದುಡಿಯುವವರು ಸದ್ಯಕ್ಕೆ ಒಬ್ಬರೇ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತೆರಿಗೆ ಮತ್ತು ಕಡಿತಗಳಿಗೆ ಭಾರತದ 2025-26ರ ಹಾಗೂ ಜರ್ಮನಿಯ 2025ರ ನಿಯಮ ಹಿಡಿದಿದ್ದೇನೆ. ಮನೆಖರ್ಚಿನ ಅಂಕಿಗಳು ಅಂದಾಜು. ಅಲ್ಲಿ ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ.

ಹಂತ 1: ಎರಡೂ ಕಡೆ ಕೈಗೆ ಬರುವುದೆಷ್ಟು?

ಸಿಟಿಸಿಯನ್ನು 12ರಿಂದ ಭಾಗಿಸಿ ತಿಂಗಳಿಗೆ 2 ಲಕ್ಷ ಎಂದುಕೊಳ್ಳುವವರು ಈಗಲೂ ಇದ್ದಾರೆ. ಬಿಡಿಸಿ ನೋಡೋಣ. 24 ಲಕ್ಷದಲ್ಲಿ ಬೇಸಿಕ್ ಅರ್ಧ, ಅಂದರೆ 12 ಲಕ್ಷ. ಕಂಪನಿ ಕಟ್ಟುವ ಪಿಎಫ್ ಶೇ 12, ಅಂದರೆ 1.44 ಲಕ್ಷ. ಗ್ರಾಚ್ಯುಟಿ ಸುಮಾರು 58 ಸಾವಿರ. ವೇರಿಯಬಲ್ ಪೇ ಶೇ 10, ಅಂದರೆ 2.4 ಲಕ್ಷ. ಇವೆಲ್ಲ ಸಿಟಿಸಿ ಒಳಗೇ ಇರುತ್ತವೆ, ಆದರೆ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದ ಸುಮಾರು 19.58 ಲಕ್ಷದಲ್ಲಿ ನಿಮ್ಮ ಪಾಲಿನ ಪಿಎಫ್ 1.44 ಲಕ್ಷ ಕಡಿತವಾಗುತ್ತದೆ. ಹೊಸ ಪದ್ಧತಿಯ ಆದಾಯ ತೆರಿಗೆ ಸೆಸ್ ಸೇರಿ ಸುಮಾರು 1.84 ಲಕ್ಷ. ವೃತ್ತಿ ತೆರಿಗೆ 2,500. ಕೊನೆಗೆ ತಿಂಗಳಿಗೆ ಕೈಗೆ ಬರುವುದು ಸುಮಾರು 1.35 ಲಕ್ಷ.

ಜರ್ಮನಿಯ ಆಫರ್‌ನಲ್ಲಿ ಕಾಣುವ 60,000 ಬ್ರೂಟೊ, ಅಂದರೆ ಕಡಿತಕ್ಕೆ ಮುಂಚಿನ ಸಂಬಳ. ಅದು ಸಿಟಿಸಿ ಅಲ್ಲ. ಅಲ್ಲಿ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆಗೆ (ಕೈಲಾಗದಾಗ ನೋಡಿಕೊಳ್ಳುವವರ ಖರ್ಚಿನ ವಿಮೆ) ಕಂಪನಿ ತನ್ನ ಪಾಲು ಕಟ್ಟುತ್ತದೆ. ಅದು ಈ 60,000ದ ಮೇಲೆ ಇನ್ನೂ ಸುಮಾರು ಶೇ 21. ಆಫರ್ ಲೆಟರ್‌ನಲ್ಲಿ ಅದು ಕಾಣುವುದೇ ಇಲ್ಲ. ನಮ್ಮ ಸಿಟಿಸಿಯ ಜೊತೆ ಸರಿಯಾಗಿ ಹೋಲಿಸಬೇಕಾದ ಅಂಕಿ 72,500 ಯೂರೋ. ಆಫರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವವರಿಗೆ ಸುಲಭವಾಗಿ ತಪ್ಪಿಹೋಗುವ ಅಂಶ ಇದು.

ನಿಮ್ಮ ಪಾಲಿನ ಕಡಿತವೂ ಹೆಚ್ಚುಕಡಿಮೆ ಅಷ್ಟೇ. ಪಿಂಚಣಿಗೆ ಶೇ 9.3, ಆರೋಗ್ಯ ವಿಮೆಗೆ ಸುಮಾರು ಶೇ 8.55, ನಿರುದ್ಯೋಗ ವಿಮೆಗೆ ಶೇ 1.3, ಒಂದು ಮಗು ಇದ್ದರೆ ಆರೈಕೆ ವಿಮೆಗೆ ಶೇ 1.8. ಇದರ ಮೇಲೆ ಆದಾಯ ತೆರಿಗೆ. ಅದು ನಿಮ್ಮ ತೆರಿಗೆ ವರ್ಗದ ಮೇಲೆ ನಿಂತಿದೆ. ಮದುವೆಯಾಗಿ ಸಂಗಾತಿಗೆ ಸಂಬಳ ಇಲ್ಲದಿದ್ದರೆ ಮೂರನೇ ವರ್ಗ ಆಯ್ದುಕೊಳ್ಳಬಹುದು. ಆಗ ತಿಂಗಳಿಗೆ ಸುಮಾರು 3,530 ಯೂರೋ ಕೈಗೆ ಬರುತ್ತದೆ. ಮದುವೆಯಾಗದವರಿಗೆ ಮೊದಲನೇ ವರ್ಗ, ಅದೇ 60,000ಕ್ಕೆ ಸುಮಾರು 3,125. ತಿಂಗಳಿಗೆ 400 ಯೂರೋ ವ್ಯತ್ಯಾಸ! ಹಾಗಾಗಿ ಗೆಳೆಯನ ಪೇ ಸ್ಲಿಪ್ ನೋಡಿ ನಿಮ್ಮ ಲೆಕ್ಕ ಹಾಕಬೇಡಿ. 'ಬ್ರೂಟೊ ನೆಟ್ಟೊ' (ನೆಟ್ಟೊ ಅಂದರೆ ಕಡಿತ ಕಳೆದು ಕೈಗೆ ಬರುವುದು) ಎಂದು ಹುಡುಕಿದರೆ ಕ್ಯಾಲ್ಕುಲೇಟರ್‌ಗಳು ಸಿಗುತ್ತವೆ. ತೆರಿಗೆ ವರ್ಗ, ಮಕ್ಕಳು, ರಾಜ್ಯ ಎಲ್ಲ ಸರಿಯಾಗಿ ತುಂಬಿ. ಅಲ್ಲಿ ಚರ್ಚ್ ತೆರಿಗೆಯ ಪ್ರಶ್ನೆಯೂ ಬರುತ್ತದೆ, ನಿಮಗೆ ಅನ್ವಯಿಸದಿದ್ದರೆ 'ಇಲ್ಲ' ಒತ್ತಿ.

ಹಂತ 2: ಸೌಲಭ್ಯಗಳಿಗೆ ಬೆಲೆ ಕಟ್ಟಿ

ಪ್ರತಿಯೊಂದು ಸೌಲಭ್ಯಕ್ಕೂ ಒಂದೇ ಪ್ರಶ್ನೆ ಕೇಳಿ. ಇದು ಕಂಪನಿಯಿಂದಲೋ ಸರ್ಕಾರದಿಂದಲೋ ಸಿಗದಿದ್ದರೆ, ನನ್ನ ಜೇಬಿನಿಂದ ಎಷ್ಟು ಕೊಡಬೇಕಿತ್ತು?

ಬೆಂಗಳೂರಿನ ಕಡೆ ದೊಡ್ಡದು ಪಿಎಫ್. ನಿಮ್ಮ 12,000, ಕಂಪನಿಯ 12,000. ಕಂಪನಿ ಪಾಲಿನಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಉಳಿದ 22,750 ಪ್ರತಿ ತಿಂಗಳು ನಿಮ್ಮ ಖಾತೆಗೆ ಸೇರುತ್ತದೆ. 2024-25ರಲ್ಲಿ ಅದಕ್ಕೆ ಸಿಕ್ಕ ಬಡ್ಡಿ ಶೇ 8.25. ಇದು ಉಳಿತಾಯವೇ. ಕೈಗೆ ಬರಲಿಲ್ಲ ಅಂತ ಲೆಕ್ಕದಿಂದ ಬಿಡಬೇಡಿ. ಗ್ರಾಚ್ಯುಟಿ ಮಾತ್ರ ಹುಷಾರು. ಕಾಯಂ ನೌಕರರಿಗೆ ಐದು ವರ್ಷ ತುಂಬದೆ ಅದು ಸಿಗುವುದಿಲ್ಲ. ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು ಆ 58 ಸಾವಿರವನ್ನು ಸೊನ್ನೆ ಅಂತಲೇ ಬರೆಯಿರಿ.

ಎರಡನೆಯದು ಕಂಪನಿಯ ಗುಂಪು ವಿಮೆ. ಎಷ್ಟೋ ಕಂಪನಿಗಳಲ್ಲಿ ಅಪ್ಪ ಅಮ್ಮನೂ ಅದರಲ್ಲಿ ಸೇರಿರುತ್ತಾರೆ. ಕೆಲಸ ಬಿಟ್ಟ ದಿನ ಅವರ ರಕ್ಷಣೆಯೂ ನಿಲ್ಲುತ್ತದೆ. 65 ದಾಟಿದ, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವ ಅಪ್ಪನಿಗೆ ಹೊಸ ಪಾಲಿಸಿ ಮಾಡಿಸಲು ಹೋಗಿ. ಪ್ರೀಮಿಯಂ ಜಾಸ್ತಿ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಹೊರಡುವ ಯೋಚನೆ ಬಂದ ತಿಂಗಳೇ ಅವರಿಗೆ ಪ್ರತ್ಯೇಕ ಪಾಲಿಸಿ ಮಾಡಿಸಿಬಿಡಿ. ಕಾಯುವ ಅವಧಿಯಾದರೂ ಬೇಗ ಶುರುವಾಗುತ್ತದೆ.

ಜರ್ಮನಿಯ ಕಡೆ ಪಟ್ಟಿ ಉದ್ದ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಮೆ ಇಲ್ಲದ ಸಂಗಾತಿ ಮತ್ತು ಮಕ್ಕಳಿಗೆ ಬೇರೆ ಪ್ರೀಮಿಯಂ ಇಲ್ಲ. ಆಸ್ಪತ್ರೆಗೆ ಸೇರಿದರೆ ದೊಡ್ಡವರು ದಿನಕ್ಕೆ 10 ಯೂರೋ, ವರ್ಷಕ್ಕೆ ಹೆಚ್ಚೆಂದರೆ 28 ದಿನದ್ದು ಕೊಡಬೇಕು. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ, ಅದನ್ನು ಕಂಪನಿಯೇ ಕೊಡುತ್ತದೆ. ಆಮೇಲೆ ವಿಮೆಯಿಂದ ಬ್ರೂಟೊದ ಶೇ 70ರವರೆಗೆ. ರಜೆ ಕಾನೂನಿನ ಪ್ರಕಾರ ವಾರಕ್ಕೆ ಐದು ದಿನ ದುಡಿಯುವವರಿಗೆ ಕನಿಷ್ಠ 20 ದಿನ, ಐಟಿಯಲ್ಲಿ ಸಾಮಾನ್ಯವಾಗಿ 28ರಿಂದ 30. 2025ರಲ್ಲಿ ಮಗುವಿಗೆ ತಿಂಗಳಿಗೆ 255 ಯೂರೋ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ. ಇದು ನಗದು, ಹಾಗಾಗಿ ನೇರವಾಗಿ ಆದಾಯಕ್ಕೆ ಸೇರಿಸಿ.

ಕೆಲಸ ಹೋದರೆ ಏನು? ಬೆಂಗಳೂರಿನ ಐಟಿ ನೌಕರನಿಗೆ ನೋಟಿಸ್ ಅವಧಿಯ ಸಂಬಳ, ಅದೃಷ್ಟವಿದ್ದರೆ ಇನ್ನೊಂದೆರಡು ತಿಂಗಳದ್ದು. ಜರ್ಮನಿಯಲ್ಲಿ ಒಂದು ವರ್ಷ ವಿಮೆ ಕಟ್ಟಿದವರಿಗೆ ಆರು ತಿಂಗಳು, ಎರಡು ವರ್ಷ ಕಟ್ಟಿದವರಿಗೆ ಒಂದು ವರ್ಷ ನಿರುದ್ಯೋಗ ಭತ್ಯೆ ಸಿಗುತ್ತದೆ. ಮಗು ಇದ್ದವರಿಗೆ ಅದು ನೆಟ್ಟೊ ಸಂಬಳದ ಶೇ 67. ಆದರೆ ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವಾಗ ಆ ಒಂದು ವರ್ಷವನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಬ್ಲೂ ಕಾರ್ಡ್ (ಪದವೀಧರ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಇದ್ದವರಿಗೆ 27 ತಿಂಗಳಲ್ಲಿ, ಜರ್ಮನ್ ಭಾಷೆ ಬಿ1, ಅಂದರೆ ಮಧ್ಯಮ ಮಟ್ಟಕ್ಕೆ ಬಂದಿದ್ದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುವ ದಾರಿಯಿದೆ. ಅದು ಕೈಗೆ ಬಂದ ಮೇಲೆ ಈ ಭತ್ಯೆಗೆ ನಿಜವಾದ ಬೆಲೆ.

ಹೆರಿಗೆ ರಜೆಯಲ್ಲಿ ಮಾತ್ರ ನಮ್ಮ ಕಾನೂನು ಮೇಲ್ನೋಟಕ್ಕೆ ಮುಂದಿದೆ. ಇಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳ, ಅಲ್ಲಿ 14 ವಾರ. ಆದರೆ ಅಲ್ಲಿ ಅದಾದ ಮೇಲೆ ಅಪ್ಪನಿಗೂ ಅಮ್ಮನಿಗೂ ತಲಾ ಮೂರು ವರ್ಷದವರೆಗೆ ಪೋಷಕರ ರಜೆ ಇದೆ. ಅದರಲ್ಲಿ ಮೊದಲ ವರ್ಷದ ಸುಮಾರಿಗೆ ತಿಂಗಳಿಗೆ 1,800 ಯೂರೋವರೆಗೆ ಭತ್ಯೆಯೂ ಬರುತ್ತದೆ.

ಜರ್ಮನ್ ಪಿಂಚಣಿಗೆ ಕಟ್ಟಿದ ದುಡ್ಡು ಹೋಯ್ತು ಅಂದುಕೊಳ್ಳಬೇಡಿ. ಐದು ವರ್ಷ ಕಟ್ಟಿದವರಿಗೆ ವಯಸ್ಸಾದ ಮೇಲೆ ಪಿಂಚಣಿಯ ಹಕ್ಕು ಬರುತ್ತದೆ. ಅದಕ್ಕಿಂತ ಮುಂಚೆ ಊರಿಗೆ ಮರಳಿದರೆ ಎರಡು ವರ್ಷ ಕಾದು ನಿಮ್ಮ ಪಾಲನ್ನು ವಾಪಸ್ ಕೇಳಬಹುದು. ಕಂಪನಿಯ ಪಾಲು ಸಿಗುವುದಿಲ್ಲ. ಇಲ್ಲಿಯ ಕಂಪನಿಯೇ ನಿಮ್ಮನ್ನು ಕೆಲವು ವರ್ಷಕ್ಕೆ ಅಲ್ಲಿಗೆ ಕಳಿಸುತ್ತಿದ್ದರೆ ವಿಷಯ ಬೇರೆ. 2017ರ ಮೇ ತಿಂಗಳಲ್ಲಿ ಜಾರಿಗೆ ಬಂದ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಂತೆ, ಇಪಿಎಫ್‌ಒದಿಂದ ಪ್ರಮಾಣಪತ್ರ ತೆಗೆದುಕೊಂಡು ಇಲ್ಲಿಯ ಪಿಎಫ್ ಅನ್ನೇ ಮುಂದುವರಿಸಬಹುದು.

ಹಂತ 3: ನಿಮ್ಮದೇ ಖರ್ಚಿನ ಪಟ್ಟಿ

ಲೆಕ್ಕದ ಜೀವಾಳ ಇದು. ಊರೂರಿನ ಬೆಲೆ ಹೋಲಿಸುವ 'ನಂಬಿಯೋ' (Numbeo) ಎಂಬಂಥ ಜಾಲತಾಣಗಳಲ್ಲಿ ಜನರೇ ಬೆಲೆ ತುಂಬಿರುತ್ತಾರೆ. ಒಂದು ಅಂದಾಜಿಗೆ ಅವು ಸಾಕು. ಆದರೆ ಅಲ್ಲಿಯ ಬುಟ್ಟಿ ನಿಮ್ಮದಲ್ಲ. ಅವರ ಪಟ್ಟಿಯಲ್ಲಿ ವೈನ್ ಇರುತ್ತದೆ. ನಿಮ್ಮ ಮನೆಗೆ ಬೇಕಾದದ್ದು ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು.

ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಪಟ್ಟಿ ತೆಗೆಯಿರಿ. ನಮ್ಮ ಉದಾಹರಣೆಯ ಮನೆ ವೈಟ್‌ಫೀಲ್ಡ್ ಕಡೆ ಇದೆ ಅನ್ನಿ. ಬಾಡಿಗೆ, ಮೇಂಟೆನೆನ್ಸ್ 38,000. ದಿನಸಿ, ತರಕಾರಿ, ಹಾಲು 16,000. ಶಾಲೆ ಫೀಸು ಮತ್ತು ವ್ಯಾನ್ 15,000. ಮನೆಗೆಲಸದವರಿಗೆ 4,000. ಕರೆಂಟು, ಗ್ಯಾಸು, ಇಂಟರ್ನೆಟ್ 4,500. ಪೆಟ್ರೋಲ್, ಕ್ಯಾಬ್ 8,000. ಹೋಟೆಲು, ಸುತ್ತಾಟ 8,000. ಊರಲ್ಲಿರುವ ಅಪ್ಪ ಅಮ್ಮನಿಗೆ ವಿಮೆ ಸೇರಿ 15,000. ಒಟ್ಟು 1,08,500. ಕೈಯಲ್ಲಿ ಉಳಿಯುವುದು 27,000. ಪಿಎಫ್ ಸೇರಿಸಿದರೆ ಹತ್ತಿರ ಹತ್ತಿರ 50,000.

ಈಗ ಮ್ಯೂನಿಕ್. ಎರಡು ಕೋಣೆಯ ಮನೆಗೆ ಹೀಟಿಂಗ್ ಸೇರಿ 1,700 ಯೂರೋ. ದಿನಸಿ 550. ಕರೆಂಟು, ಇಂಟರ್ನೆಟ್, ಮೊಬೈಲು 120. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಕಟ್ಟಲೇಬೇಕಾದ ಪ್ರಸಾರ ಶುಲ್ಕ 18.36. ಇಬ್ಬರಿಗೆ ಡಾಯ್ಚ್‌ಲಾಂಡ್ ಟಿಕೆಟ್ (ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸು) 2025ರ ದರದಲ್ಲಿ 116. ಮಗುವಿನ ಕಿಟಾ (ಶಿಶುವಿಹಾರ) ಮತ್ತು ಊಟ 150. ಹೊರಗಿನ ಊಟ, ಸುತ್ತಾಟ 250. ಬಟ್ಟೆ, ಸಣ್ಣಪುಟ್ಟ ವಿಮೆ 150. ವರ್ಷಕ್ಕೊಮ್ಮೆ ಮೂವರೂ ಊರಿಗೆ ಬಂದು ಹೋಗಲು ತಿಂಗಳಿಗೆ 200 ಎತ್ತಿಡಬೇಕು. ಅಪ್ಪ ಅಮ್ಮನಿಗೆ ಅದೇ 15,000 ರೂಪಾಯಿ, ಅಂದರೆ 150 ಯೂರೋ. ಒಟ್ಟು ಸುಮಾರು 3,400. ಕಿಂಡರ್‌ಗೆಲ್ಡ್ ಸೇರಿ ಆದಾಯ 3,780. ಉಳಿಯುವುದು 380.

ಅಂದರೆ 38,000 ರೂಪಾಯಿ. 60 ಲಕ್ಷದ ಸಂಬಳ ಅಂದುಕೊಂಡದ್ದರಲ್ಲಿ ಉಳಿಯುವುದು ಬೆಂಗಳೂರಿನ 50 ಸಾವಿರಕ್ಕಿಂತ ಕಡಿಮೆ.

ಇಲ್ಲಿಗೇ ನಿಲ್ಲಬೇಡಿ. ಅದೇ ಸಂಬಳಕ್ಕೆ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕರೆ? ಬಾಡಿಗೆ 950ರಲ್ಲಿ ಮುಗಿಯಬಹುದು. ಆಗ ಉಳಿಯುವುದು 1,130 ಯೂರೋ, ಅಂದರೆ 1.13 ಲಕ್ಷ. ದೇಶ ಒಂದೇ, ಸಂಬಳ ಒಂದೇ, ಉಳಿತಾಯ ಮೂರು ಪಟ್ಟು. ದೇಶ ದೇಶ ಹೋಲಿಸುತ್ತೇವೆ ಅನ್ನುತ್ತೇವೆ, ನಿಜಕ್ಕೂ ಹೋಲಿಸಬೇಕಾದದ್ದು ಊರು ಊರನ್ನು. ಜರ್ಮನ್ ನಗರಗಳು ಮೀಟ್‌ಸ್ಪೀಗೆಲ್ ಎಂಬ ಬಾಡಿಗೆ ಪಟ್ಟಿ ಹೊರಡಿಸುತ್ತವೆ, ಅದನ್ನು ನೋಡಿ. ಅದರ ಜೊತೆಗೆ ಇವತ್ತು ಖಾಲಿ ಇರುವ ಮನೆಗಳ ಜಾಹೀರಾತನ್ನೂ ನೋಡಿ. ಹೊಸದಾಗಿ ಬಂದವರಿಗೆ ಸಿಗುವುದು ಜಾಹೀರಾತಿನ ಬೆಲೆಗೇ.

ಜಾಹೀರಾತಿನಲ್ಲಿ 'ಕಾಲ್ಟ್' ಎಂದಿದ್ದರೆ ಹೀಟಿಂಗ್, ನೀರು, ಕಸದ ಖರ್ಚು ಸೇರಿಲ್ಲ. 'ವಾರ್ಮ್' ಎಂದಿದ್ದರೆ ಸೇರಿದೆ, ಆದರೂ ಕರೆಂಟು ಸಾಮಾನ್ಯವಾಗಿ ಬೇರೆ. ಇನ್ನೊಂದು, ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಬರೀ ಗೋಡೆ, ನೀರಿನ ಪೈಪು. ಸಿಂಕು, ಒಲೆ, ಕಪಾಟು ಎಲ್ಲ ನೀವೇ ಹಾಕಿಸಿಕೊಳ್ಳಬೇಕು. ಅಡ್ವಾನ್ಸ್ ಮಾತ್ರ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್ ಬಾಡಿಗೆ, ಕಾನೂನೇ ಹಾಗಿದೆ. ಆರು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಸಮಾಧಾನ. ಮೊದಲ ಮೂರು ತಿಂಗಳಿಗೆ ಬೇಕಾಗುವ ಇಂಥ ಒಂದೇ ಸಲದ ಖರ್ಚನ್ನು ಬೇರೆ ಕಡೆ ಬರೆಯಿರಿ.

ಇಲ್ಲಿ ಕೊಡುವ, ಅಲ್ಲಿ ಕೊಡದ ಖರ್ಚುಗಳನ್ನೂ ಮರೆಯಬೇಡಿ. ಮಗು ಆರು ವರ್ಷಕ್ಕೆ ಶಾಲೆಗೆ ಸೇರಿದರೆ ಸರ್ಕಾರಿ ಶಾಲೆಗೆ ಫೀಸು ಇಲ್ಲ. ಬೆಂಗಳೂರಿನಲ್ಲಿ ಅದೇ ಮಗುವಿನ ಫೀಸು ವರ್ಷ ವರ್ಷ ಏರುತ್ತದೆ. ಹತ್ತು ವರ್ಷ ಅಲ್ಲೇ ಇರುವವರಿಗೆ ಇದು ಲಕ್ಷಗಳ ಲೆಕ್ಕ. ಎರಡು ವರ್ಷಕ್ಕೆ ಹೋಗಿ ಬರುವವರಿಗೆ ಅಷ್ಟೇನಿಲ್ಲ.

ಹಂತ 4: ಎರಡು ದರ, ಎರಡು ಕೆಲಸ

ಖರೀದಿ ಶಕ್ತಿ ಸಮಾನತೆ, ಅಂದರೆ ಪಿಪಿಪಿ, ಎಂಬ ಮಾತು ಕೇಳಿರುತ್ತೀರಿ. ಒಂದೇ ಬಗೆಯ ವಸ್ತು ಮತ್ತು ಸೇವೆಗಳನ್ನು ಕೊಳ್ಳಲು ಪ್ರತಿ ದೇಶದಲ್ಲಿ ಎಷ್ಟು ಹಣ ಬೇಕು ಎಂಬ ಅಂದಾಜು ಅದು. ವಿಶ್ವ ಬ್ಯಾಂಕ್ ನಡೆಸುವ ಹೋಲಿಕೆಯಲ್ಲಿ 2017ಕ್ಕೆ ಅಮೆರಿಕದ ಒಂದು ಡಾಲರ್‌ಗೆ ಭಾರತದಲ್ಲಿ 20.65 ರೂಪಾಯಿ ಬಂದಿತ್ತು. ಜರ್ಮನಿಗೆ ಅದು ಮುಕ್ಕಾಲು ಯೂರೋ ಆಸುಪಾಸು. ಭಾಗಿಸಿದರೆ ಒಂದು ಯೂರೋ ಅಂದರೆ ಸುಮಾರು 28 ರೂಪಾಯಿ, 100 ಅಲ್ಲ!

ಈ ದರದಲ್ಲಿ 3,530 ಯೂರೋ ಬೆಂಗಳೂರಿನ 99 ಸಾವಿರಕ್ಕೆ ಸಮ. ಕೈಗೆ ಬರುವ 1.35 ಲಕ್ಷಕ್ಕಿಂತ ಕಡಿಮೆ. ಹಾಗಂತ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಿಪಿಪಿ ಇಡೀ ದೇಶದ ಸರಾಸರಿ, ಹಳ್ಳಿಯೂ ಅದರಲ್ಲಿದೆ. ವೈಟ್‌ಫೀಲ್ಡ್‌ನ ಬಾಡಿಗೆ, ಖಾಸಗಿ ಶಾಲೆಯ ಫೀಸು ಆ ಸರಾಸರಿಗಿಂತ ಎಷ್ಟೋ ಮೇಲೆ. ಪಿಪಿಪಿಯನ್ನು ಎಚ್ಚರಿಕೆಗೆ ಇಟ್ಟುಕೊಳ್ಳಿ, ತೀರ್ಮಾನಕ್ಕೆ ನಿಮ್ಮ ಮೂರನೇ ಹಂತದ ಪಟ್ಟಿಯನ್ನೇ ಬಳಸಿ.

ಉಳಿತಾಯಕ್ಕೆ ಮಾತ್ರ ಮಾರುಕಟ್ಟೆ ದರ. ಇಲ್ಲಿ ಗೃಹ ಸಾಲ ಇರುವವರಿಗೆ ಇದು ದೊಡ್ಡ ಅನುಕೂಲ. ಇಎಂಐ ರೂಪಾಯಿಯಲ್ಲಿ ನಿಂತಿರುತ್ತದೆ, ಯೂರೋ ಏರುತ್ತಾ ಬಂದಿದೆ. 2015ರಲ್ಲಿ 70 ರೂಪಾಯಿ ಆಸುಪಾಸಿನಲ್ಲಿದ್ದ ಯೂರೋ 2025ರಲ್ಲಿ 100 ದಾಟಿತು. ಊರಲ್ಲಿ ಸಾಲವೂ ಇಲ್ಲ, ಸೈಟ್ ಕೊಳ್ಳುವ ಆಸೆಯೂ ಇಲ್ಲ, ಅಲ್ಲೇ ನೆಲೆಸುತ್ತೇವೆ ಎನ್ನುವವರಿಗೆ ಈ ಗುಣಾಕಾರವೇ ಬೇಡ.

ಹಂತ 5: ಗಂಟೆಯ ಲೆಕ್ಕ

ಸಂಬಳವನ್ನು ಮನೆಯಿಂದ ಹೊರಗೆ ಕಳೆದ ಗಂಟೆಗಳಿಂದ ಭಾಗಿಸಿ. ಔಟರ್ ರಿಂಗ್ ರೋಡ್‌ನಲ್ಲಿ ಹೋಗಿ ಬರಲು ಎರಡೂವರೆ ಗಂಟೆ, ಆಫೀಸಿನಲ್ಲಿ ಒಂಬತ್ತು. ವರ್ಷಕ್ಕೆ 240 ದಿನ ಅಂದರೆ 2,760 ಗಂಟೆ. ಗಂಟೆಗೆ ಕೈಗೆ ಬಂದದ್ದು 590 ರೂಪಾಯಿ. ಜರ್ಮನಿಯಲ್ಲಿ ಊಟದ ವಿರಾಮ, ಪ್ರಯಾಣ ಸೇರಿ ದಿನಕ್ಕೆ ಒಂಬತ್ತೂವರೆ ಗಂಟೆ. ರಜೆ, ಹಬ್ಬ ಕಳೆದು 220 ದಿನ. ಒಟ್ಟು 2,090 ಗಂಟೆ, ಗಂಟೆಗೆ ಸುಮಾರು 20 ಯೂರೋ.

ಈಗ ಬೆಲೆಗಳನ್ನು ಗಂಟೆಯಲ್ಲಿ ಓದಿ. ಐಫೋನ್ 16 ಬಿಡುಗಡೆಯಾದಾಗ ಇಲ್ಲಿ 79,900 ರೂಪಾಯಿ, ಜರ್ಮನಿಯಲ್ಲಿ 949 ಯೂರೋ. ಇಲ್ಲಿ 135 ಗಂಟೆಯ ದುಡಿಮೆ, ಅಲ್ಲಿ 47. ಕಟಿಂಗ್ ಶಾಪ್‌ನಲ್ಲಿ ಉಲ್ಟಾ. ಇಲ್ಲಿ 150 ರೂಪಾಯಿ ಕಾಲು ಗಂಟೆಯ ದುಡಿಮೆ, ಅಲ್ಲಿ 30 ಯೂರೋ ಒಂದೂವರೆ ಗಂಟೆಯದ್ದು. ಕಾರ್ಖಾನೆಯಿಂದ ಬರುವ ವಸ್ತು ಅಲ್ಲಿ ಅಗ್ಗ, ಇನ್ನೊಬ್ಬ ಮನುಷ್ಯನ ಕೈಯಿಂದ ಆಗುವ ಕೆಲಸ ಇಲ್ಲಿ ಅಗ್ಗ. ಪಾತ್ರೆ, ನೆಲ, ಇಸ್ತ್ರಿ, ಪ್ಲಂಬರ್, ಡ್ರೈವರ್ ಎಲ್ಲ ಅಲ್ಲಿ ನೀವೇ. 2025ರಲ್ಲಿ ಅಲ್ಲಿಯ ಕನಿಷ್ಠ ಕೂಲಿಯೇ ಗಂಟೆಗೆ 12.82 ಯೂರೋ. ಅದು ಆ ದುಡಿಯುವವರಿಗೆ ಸಲ್ಲಬೇಕಾದದ್ದೇ. ಇಲ್ಲಿ ನಮ್ಮ ಬದುಕು ಸಲೀಸಾಗಿರುವುದು ಬೇರೆಯವರ ಕಡಿಮೆ ಸಂಬಳದ ಮೇಲೆ ಎಂಬುದು ಈ ಲೆಕ್ಕ ಹಾಕಿದಾಗ ಸ್ಪಷ್ಟವಾಗಿ ಕಾಣುತ್ತದೆ. ವರ್ಷಕ್ಕೆ ಮಿಗುವ 670 ಗಂಟೆಯಲ್ಲಿ ಒಂದಿಷ್ಟು ಮನೆಗೆಲಸಕ್ಕೆ ಹೋಗುತ್ತದೆ, ಉಳಿದದ್ದು ಮಗುವಿಗೆ.

ಹಂತ 6: ಏಣಿಯಲ್ಲಿ ನೀವು ಎಲ್ಲಿದ್ದೀರಿ?

ಎಂಜಿನಿಯರ್‌ನ ಲೆಕ್ಕವನ್ನು ನರ್ಸ್‌ಗೆ ಹಚ್ಚಬೇಡಿ. ಮಂಗಳೂರು, ಉಡುಪಿ ಕಡೆಯ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗೆ 20–25 ಸಾವಿರಕ್ಕೆ ದುಡಿಯುವವರು ಬೇಕಾದಷ್ಟಿದ್ದಾರೆ. ಜರ್ಮನಿಯ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈನಿಂದ ತರಬೇತಾದ ನರ್ಸ್‌ಗೆ ಕನಿಷ್ಠ ಕೂಲಿಯೇ ಗಂಟೆಗೆ 20.50 ಯೂರೋ. ವಾರಕ್ಕೆ 39 ಗಂಟೆಯಂತೆ ತಿಂಗಳಿಗೆ ಬ್ರೂಟೊ ಸುಮಾರು 3,460. ಪಿಪಿಪಿಯ 28ರ ದರದಲ್ಲೇ ಗುಣಿಸಿದರೂ 97 ಸಾವಿರ, ಅಂದರೆ ಇಲ್ಲಿಯ ಸಂಬಳದ ನಾಲ್ಕು ಪಟ್ಟು. ಎಂಜಿನಿಯರ್‌ಗೆ ಇದೇ ದರದಲ್ಲಿ ನಷ್ಟ ಕಂಡಿತ್ತಲ್ವಾ? ಇಲ್ಲಿ ಕಡಿಮೆ ಸಂಬಳ ಸಿಗುವ ಕೆಲಸವಾದಷ್ಟೂ ಅಲ್ಲಿಗೆ ಹೋದರೆ ಲಾಭ ಜಾಸ್ತಿ. ಆದರೆ ನರ್ಸ್‌ಗೆ ಜರ್ಮನ್ ಭಾಷೆ ಬಿ2 ಮಟ್ಟಕ್ಕೆ ಬೇಕು, ಪದವಿಗೆ ಅಲ್ಲಿ ಮಾನ್ಯತೆ ಬೇಕು. ಮಾನ್ಯತೆ ಸಿಗುವವರೆಗೆ ಸಂಬಳ ಕಡಿಮೆ. ಆ ತಿಂಗಳುಗಳನ್ನೂ ಲೆಕ್ಕಕ್ಕೆ ಹಾಕಿ.

ಹಂತ 7: ಬೆಲೆ ಹಚ್ಚಲಾಗದ ಸಂಗತಿಗಳು

ಮಾನವ ಅಭಿವೃದ್ಧಿ ಸೂಚ್ಯಂಕದ 2025ರ ವರದಿಯಲ್ಲಿ ಜರ್ಮನಿ 5ನೇ ಸ್ಥಾನದಲ್ಲಿದೆ, ಭಾರತ 130ನೇ ಸ್ಥಾನದಲ್ಲಿದೆ. ದೇಶದ ಸ್ಥಿತಿ ತಿಳಿಯಲು ಅದು ಒಳ್ಳೆಯ ಅಳತೆ, ನಿಮ್ಮ ಒಂದು ಮನೆಗೆ ಅಲ್ಲ. ನಿಮಗೆ ಬೇಕಾದದ್ದು ಬೇರೆ ಪಟ್ಟಿ. ಫುಟ್‌ಪಾತ್, ಗಾಳಿ, ಮಗು ಒಂದೇ ನಡೆದು ಶಾಲೆಗೆ ಹೋಗಬಹುದಾ? ನವೆಂಬರ್‌ನಿಂದ ಜನವರಿವರೆಗೆ ಸಂಜೆ ನಾಲ್ಕೂವರೆ, ಐದಕ್ಕೇ ಕತ್ತಲು, ಸಹಿಸಬಹುದಾ? ಅಮ್ಮ ಆಸ್ಪತ್ರೆ ಸೇರಿದರೆ ಎಷ್ಟು ಗಂಟೆಯಲ್ಲಿ ತಲುಪುತ್ತೀರಿ?

ಇವಕ್ಕೆ ರೂಪಾಯಿ ಹಚ್ಚಲು ಹೋಗಬೇಡಿ. ಗಂಡ ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ ಪ್ರತಿಯೊಂದಕ್ಕೂ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದು, ಆಮೇಲೆ ಹಾಳೆ ಬದಲಿಸಿಕೊಳ್ಳಿ. ಸಂಗಾತಿಯ ಕೆಲಸಕ್ಕೆ ಇಬ್ಬರೂ ಕೊಟ್ಟ ಅಂಕ ತೀರಾ ಬೇರೆ ಇದ್ದರೆ ಅಲ್ಲೇ ನಿಲ್ಲಿ, ಕೂತು ಮಾತಾಡಿ. ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಕೆಲಸ ಮಾಡಲು ಅನುಮತಿ ಇದೆ. ಆದರೆ ಜರ್ಮನ್ ಬಾರದಿದ್ದರೆ ಕೆಲಸ ಸಿಗುವುದು ಕಷ್ಟ. ಇಲ್ಲಿ ದುಡಿಯುತ್ತಿದ್ದ ಹೆಂಡತಿ ಅಲ್ಲಿ ಎರಡು ವರ್ಷ ಮನೆಯಲ್ಲಿ ಕೂತರೆ, ಅವಳ ಇಲ್ಲಿಯ ಸಂಬಳವನ್ನು ಆ ಎರಡು ವರ್ಷದ ಖರ್ಚು ಎಂದೇ ಬರೆಯಬೇಕು. ಎಷ್ಟೋ ಮನೆಗಳಲ್ಲಿ ಈ ಒಂದು ಸಾಲು ಬರೆದಾಗ ಇಡೀ ಲೆಕ್ಕ ತಿರುಗುತ್ತದೆ.

ಹಂತ 8: ಹಿಂದಿನಿಂದ ಲೆಕ್ಕ ಹಾಕಿ ಸಂಬಳ ಕೇಳಿ

ಎಷ್ಟು ಉಳಿಯಬೇಕು ಎಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ. ನಮ್ಮ ಉದಾಹರಣೆಯ ಮನೆಗೆ ಮ್ಯೂನಿಕ್‌ನಲ್ಲಿ ಬೆಂಗಳೂರಿನಷ್ಟೇ 50,000 ರೂಪಾಯಿ ಉಳಿಯಬೇಕಾದರೆ 62,500 ಯೂರೋ ಬೇಕು. ಒಂದು ಲಕ್ಷ ಉಳಿಯಬೇಕಾದರೆ ಸುಮಾರು 72,000. ಜರ್ಮನಿಯಲ್ಲಿ ಸಂಬಳ ಏರಿದಾಗ ಹೆಚ್ಚಿನ ಪ್ರತಿ ನೂರು ಯೂರೋದಲ್ಲಿ ನಿಮಗೆ ಉಳಿಯುವುದು ಐವತ್ತೆಂಟು, ಅರವತ್ತು ಮಾತ್ರ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ.

ಎಚ್‌ಆರ್ ಜೊತೆ ಮಾತಾಡುವಾಗ ಇಷ್ಟನ್ನು ಬರಹದಲ್ಲಿ ತರಿಸಿಕೊಳ್ಳಿ. ಸಂಬಳ 12 ಕಂತೋ 13ಓ? ಬೋನಸ್ ಖಚಿತವೋ ಅಲ್ಲವೋ? ವಿಮಾನದ ಟಿಕೆಟ್, ಮೊದಲ ತಿಂಗಳ ಮನೆ, ಸಾಮಾನು ಸಾಗಣೆ ಯಾರ ಖರ್ಚು? ಪ್ರೊಬೇಷನ್ ಎಷ್ಟು ತಿಂಗಳು? ಅಲ್ಲಿ ಸಾಮಾನ್ಯವಾಗಿ ಆರು ತಿಂಗಳು, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಸಂಸಾರ ಮೊದಲ ದಿನವೇ ಬರಬೇಕೋ, ಪ್ರೊಬೇಷನ್ ಮುಗಿದ ಮೇಲೋ ಎಂಬುದನ್ನು ಈ ಉತ್ತರ ನೋಡಿಕೊಂಡು ತೀರ್ಮಾನಿಸಿ. ಮಗುವಿನ ಇಲ್ಲಿಯ ಶಾಲೆಯ ಟಿಸಿ ಅಲ್ಲಿಯವರೆಗೆ ತೆಗೆಸಬೇಡಿ.